ವಿಮಾನಯಂತ್ರದ ಅತಿತಾಪ: ಬೆಂಗಳೂರಿನ ಲಘುವಿಮಾನಗಳ ಚರಿತ್ರೆಯಲ್ಲಿ ಒಂದು ನಿದಾನವಿಚಾರ

೧

ಕನ್ನಡನಾಡಿನಲ್ಲಿ ಸಂಸ್ಕೃತವಿದ್ಯೆಯನ್ನೂ ವಿಮಾನವಿದ್ಯೆಯನ್ನೂ ಜೊತೆಗೂಡಿಸಿ ಹೇಳಬೇಕಾದ ಪ್ರಸಂಗ ಬಂದಾಗಲೆಲ್ಲ ‘ವೈಮಾನಿಕ ಶಾಸ್ತ್ರ’ವೆಂಬ ಗ್ರಂಥದ ಹೆಸರು ಮೊದಲು ಕೇಳಿಬರುವುದು ವಾಡಿಕೆಯಾಗಿದೆ. ಈ ಗ್ರಂಥವು ಭರದ್ವಾಜ ಮಹರ್ಷಿಯದೆಂದು ಹೇಳಲ್ಪಟ್ಟಿದ್ದರೂ, ಅದರ ಪಾಠವು ಆನೇಕಲ್ಲಿನ ಪಂಡಿತ ಸುಬ್ಬರಾಯಶಾಸ್ತ್ರಿಗಳ ಬಾಯಿಂದ ಹೊರಟು ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಬರಹಕ್ಕೆ ಇಳಿದುದಾಗಿದೆ. ಅದರ ಚಿತ್ರಗಳನ್ನು ಬೆಂಗಳೂರಿನ ಎಲ್ಲಪ್ಪನವರೆಂಬ ನಕ್ಷೆಗಾರರು ೧೯೨೩ರಲ್ಲಿ ಬರೆದರು. ಮೈಸೂರಿನ ಜಿ. ಆರ್. ಜೋಸ್ಯರ್ ಅವರು ಇದನ್ನು ಇಂಗ್ಲಿಷ್ ಅನುವಾದದೊಡನೆ ೧೯೭೩ರಲ್ಲಿ ಪ್ರಕಟಿಸಿದರು. ೧೯೭೪ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಅದರ ಭಾಷೆಯನ್ನೂ ವಿಷಯವನ್ನೂ ಪರಿಶೀಲಿಸಿ, ಗ್ರಂಥವು ೧೯೦೪ಕ್ಕಿಂತ ಹಿಂದಿನದಾಗಿರಲಾರದೆಂದೂ ಅದರಲ್ಲಿ ವರ್ಣಿತವಾದ ವಿಮಾನಗಳು ಹಾರಲಾರವೆಂದೂ ನಿರ್ಣಯಿಸಿದರು.

ಆ ನಿರ್ಣಯವನ್ನು ಇಲ್ಲಿ ಮತ್ತೆ ಚರ್ಚೆಗೆ ಎತ್ತಿಕೊಳ್ಳಬೇಕಾದುದಿಲ್ಲ. ಪ್ರಕೃತಕ್ಕೆ ಬೇಕಾದುದು ಆ ಗ್ರಂಥದ ಒಂದು ಅಂಶ ಮಾತ್ರ. ವಿಮಾನಕ್ಕೆ ಯೋಗ್ಯವಾದ ಲೋಹಗಳನ್ನು ಹೇಳುವಲ್ಲಿ ಅದು ಶಾಖವನ್ನು ಹೀರಿಕೊಳ್ಳುವ ‘ಊಷ್ಮಪ’ ಲೋಹಗಳೆಂಬ ಹದಿನಾರು ಬಗೆಗಳನ್ನು ಹೆಸರಿಸುತ್ತದೆ. ಯಂತ್ರದ ಶಾಖವೇ ವಿಮಾನಕ್ಕೆ ದೊಡ್ಡ ಶತ್ರುವೆಂಬ ಊಹೆ ಗ್ರಂಥಕರ್ತನಿಗೆ ಇದ್ದಂತೆ ತೋರುವುದು. ಆದರೆ ಶಾಖವನ್ನು ಹೀರಿದ ಲೋಹವು ತಾನೇ ಕಾಯುವುದು; ಕಾದ ಲೋಹದಿಂದ ಶಾಖವು ಹೊರಹೋಗುವ ದಾರಿ ಯಾವುದು, ಆ ದಾರಿ ಕಟ್ಟಿಹೋದರೆ ಅದನ್ನು ತಿಳಿಯುವ ಬಗೆ ಹೇಗೆ ಎಂಬ ಪ್ರಶ್ನೆಗಳೇ ಮುಖ್ಯವಾದವು. ಹೆಸರುಗಳ ಪಟ್ಟಿಯು ಎಷ್ಟು ಉದ್ದವಾದರೂ ಈ ಪ್ರಶ್ನೆಗಳಿಗೆ ಉತ್ತರವಾಗಲಾರದು.

ಹಾಗೆಂದ ಮಾತ್ರಕ್ಕೆ ಸಂಸ್ಕೃತವಿದ್ಯೆಗೆ ಈ ವಿಷಯದಲ್ಲಿ ಹೇಳಬೇಕಾದುದು ಏನೂ ಇಲ್ಲವೆಂದು ಭಾವಿಸಬಾರದು. ರೋಗದ ಕಾರಣವನ್ನು ಕ್ರಮವಾಗಿ ಶೋಧಿಸುವ ಪದ್ಧತಿಯನ್ನು ಚರಕಸಂಹಿತೆಯ ನಿದಾನಸ್ಥಾನವೂ, ಹೇತುವಿನಿಂದ ಸಾಧ್ಯವನ್ನು ಸಾಧಿಸುವಾಗ ಬರುವ ದೋಷಗಳನ್ನು ನ್ಯಾಯಶಾಸ್ತ್ರವೂ ಬಹು ಸೂಕ್ಷ್ಮವಾಗಿ ವಿವೇಚಿಸಿವೆ. ಬೆಂಗಳೂರಿನಲ್ಲಿ ೧೯೪೦ರಿಂದೀಚೆಗೆ ನಿರ್ಮಿತವಾದ ಪಿಸ್ಟನ್ ಎಂಜಿನಿನ ಸಣ್ಣ ವಿಮಾನಗಳ ಚರಿತ್ರೆಯನ್ನು ಎಂಜಿನು ಅತಿಯಾಗಿ ಕಾಯುವ ದೋಷವೊಂದನ್ನೇ ಹಿಡಿದು ನೋಡಿದರೆ, ಈ ಎರಡು ಶಾಸ್ತ್ರಗಳ ವಿಚಾರಕ್ರಮವು ಯಂತ್ರಶಾಲೆಯಲ್ಲಿಯೂ ಹೇಗೆ ಸಲ್ಲುವುದೆಂಬುದು ಸ್ಪಷ್ಟವಾಗುವುದು. ಅದನ್ನು ತೋರಿಸುವುದೇ ಈ ಲೇಖನದ ಉದ್ದೇಶವಾಗಿದೆ.

೨

ಮೊದಲು ಎಂಜಿನಿನಲ್ಲಿ ಹುಟ್ಟುವ ಶಾಖದ ಸ್ವರೂಪವನ್ನು ತಿಳಿಯಬೇಕು. ಪೆಟ್ರೋಲು ಸಿಲಿಂಡರಿನೊಳಗೆ ಉರಿದು ಹುಟ್ಟುವ ಶಾಖದಲ್ಲಿ ಸುಮಾರು ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಕೆಲಸವಾಗಿ ಪರಿಣಮಿಸುವುದಿಲ್ಲ. ಉಳಿದುದರಲ್ಲಿ ದೊಡ್ಡ ಭಾಗವು ಹೊಗೆಕೊಳವೆಯ ಮೂಲಕ ಹೊರಟುಹೋಗುವುದು. ಮಿಕ್ಕದ್ದು ಸಿಲಿಂಡರಿನ ಗೋಡೆಗಳಿಗೂ ಎಂಜಿನಿನ ಎಣ್ಣೆಗೂ ಸೇರುವುದು. ಈ ಕೊನೆಯ ಭಾಗವನ್ನು ಎಡೆಬಿಡದೆ ಹೊರಕ್ಕೆ ಸಾಗಿಸದಿದ್ದರೆ ಅಲ್ಯೂಮಿನಿಯಂ ಮಿಶ್ರಲೋಹದ ಸಿಲಿಂಡರ್ ತಲೆಯು ಬಲಗುಂದಿ ಬಿರುಕುಬಿಡುವುದು, ಹೊಗೆಬಾಗಿಲಿನ ಕವಾಟವು ಸುಡುವುದು, ಪಿಸ್ಟನ್ ಉಂಗುರಗಳು ಕಚ್ಚಿಕೊಳ್ಳುವುವು. ಲೈಕಮಿಂಗ್ ಕಾರ್ಖಾನೆಯ ಎಂಜಿನುಗಳಿಗೆ ಸಿಲಿಂಡರ್ ತಲೆಯ ಪರಮಾವಧಿ ತಾಪವನ್ನು ೫೦೦ ಡಿಗ್ರಿ ಫ್ಯಾರನ್‌ಹೀಟ್, ಎಂದರೆ ೨೬೦ ಡಿಗ್ರಿ ಸೆಲ್ಸಿಯಸ್, ಎಂದು ನಿಯಮಿಸಲಾಗಿದೆ. ಎಂಜಿನು ದೀರ್ಘಕಾಲ ಬಾಳಬೇಕಾದರೆ ತಾಪವು ಇದಕ್ಕಿಂತ ಬಹಳ ಕೆಳಗೆ, ೪೦೦ ಡಿಗ್ರಿ ಫ್ಯಾರನ್‌ಹೀಟಿನ ಸುತ್ತ ಇರಬೇಕೆಂಬುದು ಅನುಭವಸ್ಥರ ಮತವಾಗಿದೆ.

ಶಾಖವನ್ನು ಸಾಗಿಸುವ ಉಪಾಯದ ಚರಿತ್ರೆಯು ವಿಮಾನದ ಚರಿತ್ರೆಯಷ್ಟೇ ಹಳೆಯದು. ೧೯೦೩ರಲ್ಲಿ ಅಮೆರಿಕದ ರೈಟ್ ಸಹೋದರರ ವಿಮಾನವನ್ನು ಎತ್ತಿದ ಸುಮಾರು ೧೨ ಅಶ್ವಶಕ್ತಿಯ ಎಂಜಿನು ನೀರಿನಿಂದ ತಂಪಾಗುತ್ತಿತ್ತು. ಕೆಲವೇ ವರ್ಷಗಳಲ್ಲಿ ಫ್ರಾನ್ಸಿನ ನೋಮ್ ಎಂಜಿನು ಬಂದಿತು. ಅದರಲ್ಲಿ ಸಿಲಿಂಡರುಗಳೇ ಪ್ರೊಪೆಲರಿನೊಡನೆ ಸುತ್ತುತ್ತ ತಮಗೆ ಬೇಕಾದ ಗಾಳಿಯನ್ನು ತಾವೇ ಬೀಸಿಕೊಳ್ಳುತ್ತಿದ್ದುವು. ಆಮೇಲೆ ನಿಶ್ಚಲವಾದ ಸಿಲಿಂಡರುಗಳಿಗೆ ಫಿನ್ನುಗಳೆಂಬ ತೆಳುವಾದ ಲೋಹದ ಅಂಚುಗಳನ್ನು ಒತ್ತೊತ್ತಾಗಿ ಹಚ್ಚಿ, ಗಾಳಿಯು ತಾಕುವ ಮೈಯನ್ನು ಹೆಚ್ಚಿಸಿದರು. ಹೊಗೆಬಾಗಿಲಿನ ಕವಾಟದ ಕಾಂಡವನ್ನು ಟೊಳ್ಳುಮಾಡಿ ಅದರೊಳಗೆ ಸೋಡಿಯಂ ತುಂಬುವ ಉಪಾಯವನ್ನು ಎಸ್. ಡಿ. ಹೆರಾನ್ ಎಂಬ ಯಂತ್ರಜ್ಞನು ಬಳಕೆಗೆ ತಂದನು. ೧೯೨೭ರಲ್ಲಿ ಲಿಂಡ್‌ಬರ್ಗನು ಅಟ್ಲಾಂಟಿಕ್ ಸಾಗರವನ್ನು ಏಕಾಕಿಯಾಗಿ ದಾಟಿದಾಗ ಅವನನ್ನು ಹೊತ್ತದ್ದು ಗಾಳಿಯಿಂದಲೇ ತಂಪಾಗುವ ಇಂಥ ಎಂಜಿನು.

ಆ ಕಾಲದವರೆಗೆ ಸಿಲಿಂಡರುಗಳನ್ನು ಬಯಲಿಗೆ ಬಿಟ್ಟಷ್ಟೂ ಅವು ಚೆನ್ನಾಗಿ ತಣಿಯುವುವೆಂಬ ಭಾವನೆ ಸಾಮಾನ್ಯವಾಗಿತ್ತು. ೧೯೨೮ರಲ್ಲಿ ಅಮೆರಿಕದ ಲ್ಯಾಂಗ್ಲೀ ಪ್ರಯೋಗಶಾಲೆಯಲ್ಲಿ ಫ್ರೆಡ್ ವೀಕ್ ಮತ್ತು ಅವನ ಸಹಾಯಕರು ಎಂಜಿನಿಗೆ ಪೂರ್ಣವಾದ ಮೇಲುಕವಚವನ್ನು ತೊಡಿಸಿ ನೋಡಿದಾಗ ಈ ಭಾವನೆಯು ತಲೆಕೆಳಗಾಯಿತು. ಕವಚದೊಳಕ್ಕೆ ಹೊಕ್ಕ ಗಾಳಿಯನ್ನು ಸರಿಯಾಗಿ ನಡೆಸಿದರೆ ಎಂಜಿನು ತಂಪಾಗಿಯೇ ಇರುವುದೆಂದೂ ವಿಮಾನಕ್ಕೆ ಗಾಳಿಯೊಡ್ಡುವ ಅಡ್ಡಿಯು ಬಹಳ ಕಡಮೆಯಾಗುವುದೆಂದೂ ಸಿದ್ಧವಾಯಿತು. ಗಾಳಿಯು ಎಷ್ಟು ಬಂದಿತೆಂಬುದಕ್ಕಿಂತ ಯಾವ ದಾರಿಯಲ್ಲಿ ಹೋಯಿತೆಂಬುದು ಮುಖ್ಯ. ಕಾಲುವೆ ಒಡೆದು ಹೋದ ನೀರು ಗದ್ದೆಯ ಪಕ್ಕದಲ್ಲೇ ಹರಿದರೂ ಪೈರು ಒಣಗುವಂತೆ, ಫಿನ್ನುಗಳ ನಡುವೆ ನುಗ್ಗದೆ ಅಕ್ಕಪಕ್ಕದಲ್ಲಿ ಜಾರಿಹೋದ ಗಾಳಿಯು ಎಂಜಿನಿಗೆ ಉಪಯೋಗವಿಲ್ಲ. ಇದಕ್ಕಾಗಿಯೇ ಸಿಲಿಂಡರುಗಳ ಸುತ್ತ ಬ್ಯಾಫಲ್ ಎಂಬ ತಗಡಿನ ತಡೆಗಳನ್ನು ಕಟ್ಟಿ, ಅವುಗಳ ಅಂಚಿಗೆ ಬಾಗುವ ರಬ್ಬರ್ ಪಟ್ಟಿಗಳನ್ನು ಹಚ್ಚಿ, ಗಾಳಿಗೆ ಬೇರೆ ದಾರಿಯೇ ಇಲ್ಲದಂತೆ ಮಾಡುವರು.

೩

ಬೆಂಗಳೂರಿನಲ್ಲಿ ಈ ವಿದ್ಯೆಯು ನೆಲೆಗೊಂಡುದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಉದ್ಯಮಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದೊಡಗೂಡಿ ೧೯೪೦ರ ಡಿಸೆಂಬರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದರು. ೧೯೪೧ರ ಆಗಸ್ಟಿನಲ್ಲಿ ಅಲ್ಲಿ ಜೋಡಿಸಲ್ಪಟ್ಟ ಹಾರ್ಲೋ ಮಾದರಿಯ ಶಿಕ್ಷಣವಿಮಾನವು ಹಾರಿತು. ಯುದ್ಧದ ಒತ್ತಡದಲ್ಲಿ ಕಾರ್ಖಾನೆಯು ಹೊಸ ನಿರ್ಮಾಣವನ್ನು ಬದಿಗಿಟ್ಟು ಸೇನಾವಿಮಾನಗಳ ಮತ್ತು ಎಂಜಿನುಗಳ ದುರಸ್ತಿಗೆ ತೊಡಗಿತು. ಹೊಸ ಎಂಜಿನನ್ನು ಕಟ್ಟುವವನಿಗಿಂತ ಬಳಸಿ ಸವೆದ ಎಂಜಿನನ್ನು ಬಿಚ್ಚುವವನಿಗೆ ಶಾಖವು ಮಾಡುವ ಹಾನಿಯ ಪರಿಚಯವು ಹೆಚ್ಚು. ಸುಟ್ಟ ಕವಾಟ, ಗೀರುಬಿದ್ದ ಪಿಸ್ಟನ್, ಬಣ್ಣಗೆಟ್ಟ ಸಿಲಿಂಡರುಗಳೇ ಆ ಕಾಲದ ಕೆಲಸಗಾರರಿಗೆ ಪಾಠಪುಸ್ತಕಗಳಾದುವು.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೪೨ರಲ್ಲಿ ವಿಮಾನಶಾಸ್ತ್ರದ ವಿಭಾಗವು ಆರಂಭವಾಯಿತು. ಅದನ್ನು ನಡೆಸಿದ ಡಾಕ್ಟರ್ ವಿ. ಎಂ. ಘಾಟಗೆಯವರು ಬಳಿಕ ಕಾರ್ಖಾನೆಯಲ್ಲಿ ವಿನ್ಯಾಸದ ಹೊಣೆಯನ್ನು ಹೊತ್ತರು. ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-೨ ಎಂಬ ಶಿಕ್ಷಣವಿಮಾನವು ೧೯೫೧ರ ಆಗಸ್ಟಿನಲ್ಲಿ ಮೊದಲ ಸಲ ಹಾರಿತು. ಇದು ಸರ್ವಲೋಹಮಯವಾದುದು, ಗುರುಶಿಷ್ಯರು ಒಬ್ಬರ ಹಿಂದೊಬ್ಬರು ಕುಳಿತುಕೊಳ್ಳುವರು. ಮುಂದೆ ನಿರ್ಮಾಣವಾದ ಎಚ್‌ಟಿ-೨ ವಿಮಾನಗಳಲ್ಲಿ ೧೫೫ ಅಶ್ವಶಕ್ತಿಯ ಸಿರ್ರಸ್ ಮೇಜರ್ ಎಂಜಿನು ಇರುತ್ತಿತ್ತು. ಅದರ ನಾಲ್ಕು ಸಿಲಿಂಡರುಗಳು ಒಂದರ ಹಿಂದೊಂದು ಸಾಲಾಗಿ, ತಲೆಕೆಳಗಾಗಿ ತೂಗುವುವು. ಇಂಥ ಸಾಲಿನಲ್ಲಿ ಮುಂದಿನ ಸಿಲಿಂಡರಿಗೆ ಗಾಳಿಯು ತಾನಾಗಿಯೇ ಸಿಕ್ಕುವುದು. ಹಿಂದಿನವು ಅದರ ಮರೆಯಲ್ಲಿ ನಿಲ್ಲುವುವು. ಆದುದರಿಂದ ಗಾಳಿಯನ್ನು ಸಾಲಿನ ಒಂದು ಪಾರ್ಶ್ವದಲ್ಲಿ ತುಂಬಿಸಿ, ತಡೆತಗಡುಗಳಿಂದ ತಿರುಗಿಸಿ, ಪ್ರತಿಯೊಂದು ಸಿಲಿಂಡರಿನ ಅಡ್ಡಲಾಗಿ ಹಾಯಿಸಿ, ಇನ್ನೊಂದು ಪಾರ್ಶ್ವದಿಂದ ಹೊರಗೆ ಬಿಡಬೇಕಾಗುವುದು. ಒಂದು ತಗಡು ಸಡಿಲವಾದರೂ ಹಿಂದಿನ ಸಿಲಿಂಡರಿನ ಪಾಲು ಕಡಮೆಯಾಗುವುದು.

ಇದರೊಡನೆ ಸ್ಥಳದ ಗುಣವನ್ನೂ ಗಣಿಸಬೇಕು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು ೩೦೦೦ ಅಡಿ ಎತ್ತರದಲ್ಲಿದೆ. ಆ ಎತ್ತರದಲ್ಲಿ ಗಾಳಿಯ ಸಾಂದ್ರತೆಯು ಸಮುದ್ರತೀರದಲ್ಲಿರುವುದಕ್ಕಿಂತ ಸುಮಾರು ಹನ್ನೆರಡರಲ್ಲೊಂದು ಪಾಲು ಕಡಮೆ. ಚೈತ್ರ ವೈಶಾಖಗಳ ಬಿಸಿಲಿನಲ್ಲಿ ಅದು ಇನ್ನೂ ಕುಗ್ಗುವುದು. ತೆಳುವಾದ ಗಾಳಿಯು ಎಂಜಿನಿನ ಬಲವನ್ನೂ ಕುಗ್ಗಿಸುವುದು, ಶಾಖವನ್ನು ಹೊರುವ ಶಕ್ತಿಯನ್ನೂ ಕುಗ್ಗಿಸುವುದು. ಬಲ ಕುಗ್ಗಿದ ವಿಮಾನವು ಏರುವುದಕ್ಕೆ ಹೆಚ್ಚು ಹೊತ್ತು ಬೇಕು. ಏರುವಾಗ ವೇಗವು ಅಲ್ಪ, ಎಂಜಿನಿನ ದುಡಿಮೆಯು ಅಧಿಕ. ಹೀಗೆ ಶಾಖವು ಹೆಚ್ಚು ಹುಟ್ಟಿ ಗಾಳಿಯು ಕಡಮೆ ಸಿಕ್ಕುವ ಹೊತ್ತು ದೀರ್ಘವಾಗುವುದು. ೧೯೪೮ರಲ್ಲಿ ಆರಂಭವಾದ ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಂಥ ಕಡೆ ಹೊಸ ವಿದ್ಯಾರ್ಥಿಯು ದಿನದಲ್ಲಿ ಮತ್ತೆಮತ್ತೆ ಏರಿ ಇಳಿಯುವ ಅಭ್ಯಾಸದಲ್ಲಿ ಎಂಜಿನಿಗೆ ಒದಗುವುದು ಇದೇ ಸ್ಥಿತಿ.

೪

ಇನ್ನು ದೋಷಶೋಧನದ ಕ್ರಮಕ್ಕೆ ಬರಬಹುದು. ರೋಗವನ್ನು ಅರಿಯುವುದಕ್ಕೆ ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ ಎಂಬ ಐದು ಸಾಧನಗಳನ್ನು ಆಯುರ್ವೇದವು ಹೇಳುತ್ತದೆ. ನಿದಾನವೆಂದರೆ ಮೂಲಕಾರಣ, ಪೂರ್ವರೂಪವು ರೋಗವು ಪ್ರಕಟವಾಗುವುದಕ್ಕೆ ಮುಂಚಿನ ಸೂಚನೆ, ರೂಪವು ಪ್ರಕಟವಾದ ಚಿಹ್ನೆ, ಉಪಶಯವು ಯಾವ ಉಪಚಾರದಿಂದ ಹಿತವಾಗುವುದೆಂಬುದನ್ನು ನೋಡಿ ರೋಗವನ್ನು ಊಹಿಸುವುದು, ಸಂಪ್ರಾಪ್ತಿಯು ಕಾರಣದಿಂದ ರೋಗದವರೆಗೆ ದೋಷವು ನಡೆದುಬಂದ ದಾರಿ. ಮೈ ಬಿಸಿಯಾಗುವುದು ಜ್ವರದ ಚಿಹ್ನೆ. ಬಿಸಿಯನ್ನು ಮಾತ್ರ ಇಳಿಸಿ ಜ್ವರವು ವಾಸಿಯಾಯಿತೆಂದು ವೈದ್ಯನು ತಿಳಿಯುವುದಿಲ್ಲ. ಮಾಪಕದ ಮುಳ್ಳು ಕೆಂಪು ಗೆರೆಯ ಕಡೆಗೆ ಏರುವುದೂ ಹೀಗೆಯೇ ಒಂದು ಲಿಂಗ ಮಾತ್ರವಾಗಿದೆ.

ಯಂತ್ರಶಾಲೆಯಲ್ಲಿ ಮೊದಲ ಕರ್ತವ್ಯವು ಸಾಕ್ಷಿಯ ಪರೀಕ್ಷೆ. ಮುಳ್ಳು ಏರಿತೆಂದರೆ ಎಂಜಿನು ಕಾದಿರಬಹುದು, ಅಥವಾ ಮಾಪಕವು ಸುಳ್ಳು ಹೇಳುತ್ತಿರಬಹುದು. ಸ್ಪಾರ್ಕ್ ಪ್ಲಗ್ಗಿನ ಅಡಿಯಲ್ಲಿ ಉಂಗುರದಂತೆ ಕೂರುವ ತಾಪಗ್ರಾಹಕವು, ಸಿಲಿಂಡರಿನ ತೂತಿನೊಳಕ್ಕೆ ಇಳಿಯುವ ಗ್ರಾಹಕಕ್ಕಿಂತ ಹೆಚ್ಚಿನ ಅಂಕವನ್ನು ತೋರಿಸುವುದುಂಟು. ತಂತಿಯ ಕೀಲು ತುಕ್ಕು ಹಿಡಿದರೂ ಅಂಕವು ತಪ್ಪುವುದು. ಇದನ್ನು ನಿರ್ಣಯಿಸುವುದಕ್ಕೆ ನೈಯಾಯಿಕರ ಅನ್ವಯ ವ್ಯತಿರೇಕವೇ ಸಾಕು. ಸಂಶಯಕ್ಕೆ ಒಳಗಾದ ಗ್ರಾಹಕವನ್ನು ತೆಗೆದು ಪಕ್ಕದ ಸಿಲಿಂಡರಿಗೆ ಹಾಕಿ, ಅಲ್ಲಿಯದನ್ನು ಇಲ್ಲಿಗೆ ಹಾಕಬೇಕು. ಹೆಚ್ಚಿನ ಅಂಕವು ಗ್ರಾಹಕದೊಡನೆ ಪಕ್ಕದ ಸಿಲಿಂಡರಿಗೆ ಹೋದರೆ ದೋಷವು ಗ್ರಾಹಕದ್ದು; ಹೋಗದೆ ಮೊದಲಿನ ಸಿಲಿಂಡರಿನಲ್ಲೇ ನಿಂತರೆ ದೋಷವು ಸಿಲಿಂಡರಿನದು. ಈ ಅರ್ಧ ಗಂಟೆಯ ಪರೀಕ್ಷೆಯನ್ನು ಮಾಡದೆ ಸಿಲಿಂಡರನ್ನೇ ಬಿಚ್ಚುವವನು ಹೇತುವು ಅಸಿದ್ಧವಾಗಿರುವಾಗಲೇ ಸಾಧ್ಯವನ್ನು ಸಾಧಿಸಹೊರಟವನು.

ಸಾಕ್ಷಿಯು ಸತ್ಯವೆಂದು ಸಿದ್ಧವಾದ ಮೇಲೆ ರೂಪವನ್ನು ವಿಭಾಗಿಸಬೇಕು. ಎಲ್ಲ ಸಿಲಿಂಡರುಗಳೂ ಕಾದಿವೆಯೆ? ಒಂದೇ ಒಂದು ಕಾದಿದೆಯೆ? ಸಿಲಿಂಡರುಗಳು ಸರಿಯಾಗಿದ್ದು ಎಣ್ಣೆ ಮಾತ್ರ ಕಾದಿದೆಯೆ? ಈ ಮೂರು ಪ್ರಶ್ನೆಗಳಿಂದಲೇ ಶೋಧನೆಯ ಕ್ಷೇತ್ರವು ಬಹುಮಟ್ಟಿಗೆ ಕಿರಿದಾಗುವುದು. ಎಲ್ಲಕ್ಕೂ ಸಮಾನವಾಗಿ ಬಂದ ತಾಪಕ್ಕೆ ಕಾರಣವು ಎಲ್ಲಕ್ಕೂ ಸಮಾನವಾದುದೇ ಆಗಿರಬೇಕು: ಗಾಳಿಯು ಒಳಬರುವ ಬಾಯಿ ಅಥವಾ ಹೊರಹೋಗುವ ಬಾಯಿ ಕಟ್ಟಿರುವುದು, ಮೇಲುಕವಚಕ್ಕೆ ಒತ್ತಿ ನಿಲ್ಲಬೇಕಾದ ರಬ್ಬರ್ ಪಟ್ಟಿಯು ಹಿಂದಕ್ಕೆ ಮಡಿಚಿಕೊಂಡು ಗಾಳಿಯನ್ನು ಸೋರಿಬಿಡುವುದು, ಪೆಟ್ರೋಲಿನ ಒಟ್ಟು ಹರಿವು ಕಡಮೆಯಾಗುವುದು, ಅಥವಾ ಮ್ಯಾಗ್ನೆಟೊ ನಿಯತಕಾಲಕ್ಕಿಂತ ಮುಂಚೆಯೇ ಕಿಡಿ ಕೊಡುವುದು. ಒಂದೇ ಸಿಲಿಂಡರು ಕಾದಿದ್ದರೆ ಅದರ ಸುತ್ತಣ ತಡೆತಗಡನ್ನೂ, ಫಿನ್ನುಗಳ ನಡುವಣ ಕಸವನ್ನೂ, ಅದಕ್ಕೇ ಪೆಟ್ರೋಲು ಕೊಡುವ ಸಣ್ಣ ರಂಧ್ರವನ್ನೂ, ಅದರ ಗಾಳಿಕೊಳವೆಯ ಕೀಲನ್ನೂ ನೋಡಬೇಕು. ಕೆಲವು ದಿನ ನಿಲ್ಲಿಸಿದ್ದ ವಿಮಾನದ ಕವಚದೊಳಗೆ ಹಕ್ಕಿಗಳು ಹುಲ್ಲು ತುಂಬುವುದೂ ಕಣಜದ ಹುಳುಗಳು ಮಣ್ಣಿನ ಗೂಡು ಕಟ್ಟುವುದೂ ಈ ದೇಶದಲ್ಲಿ ಅಪೂರ್ವವಲ್ಲ.

ಗಾಳಿಕೊಳವೆಯ ಕೀಲು ಸೋರುತ್ತಿದೆಯೋ, ಪೆಟ್ರೋಲಿನ ರಂಧ್ರವು ಕಟ್ಟಿದೆಯೋ ಎಂಬುದನ್ನು ಬಿಚ್ಚದೆಯೇ ಬೇರ್ಪಡಿಸಬಹುದು. ಎಂಜಿನು ಮಂದವಾಗಿ ನಡೆಯುವಾಗ ಕೊಳವೆಯೊಳಗಿನ ಒತ್ತಡವು ಹೊರಗಿನದಕ್ಕಿಂತ ಬಹಳ ಕಡಮೆ. ಆಗ ಬಿರುಕಿನಿಂದ ಹೊರಗಿನ ಗಾಳಿಯು ಬಲವಾಗಿ ನುಗ್ಗುವುದು. ಪೂರ್ಣಬಲದಲ್ಲಿ ಎರಡು ಒತ್ತಡಗಳೂ ಹತ್ತಿರ ಬರುವುದರಿಂದ ಸೋರಿಕೆಯ ಪ್ರಭಾವವು ಅಲ್ಪವಾಗುವುದು. ಆದುದರಿಂದ ಮಂದಗತಿಯಲ್ಲಿ ತೋರಿ ಪೂರ್ಣಬಲದಲ್ಲಿ ಮರೆಯಾಗುವ ದೋಷವು ಕೀಲಿನದು. ಪೂರ್ಣಬಲದಲ್ಲಿಯೂ ನಿಲ್ಲುವ ದೋಷವು ರಂಧ್ರದ್ದೆಂದು ಊಹಿಸುವುದು ಯುಕ್ತ.

ಪೆಟ್ರೋಲಿನ ವಿಷಯದಲ್ಲಿ ‘ಉಪಾಧಿ’ಯ ವಿಚಾರವು ವಿಶೇಷವಾಗಿ ಉಪಯುಕ್ತವಾಗಿದೆ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುವುದೆಂಬ ವ್ಯಾಪ್ತಿಯನ್ನು ನೈಯಾಯಿಕರು ಒಪ್ಪುವುದಿಲ್ಲ. ಹಸಿಸೌದೆಯ ಸಂಯೋಗವೆಂಬ ಉಪಾಧಿಯಿದ್ದರೆ ಮಾತ್ರ ಹೊಗೆ. ಹಾಗೆಯೇ, ಗಾಳಿಗೆ ಬೆರೆತ ಪೆಟ್ರೋಲು ಕಡಮೆಯಾದರೆ ಎಂಜಿನು ಅತಿಯಾಗಿ ಕಾಯುವುದೆಂಬ ಮಾತು ವೈಮಾನಿಕರಲ್ಲಿ ಪ್ರಚಾರದಲ್ಲಿದ್ದರೂ ಅದು ಸೋಪಾಧಿಕವಾದುದು. ಮಟ್ಟಸವಾದ ಹಾರಾಟದಲ್ಲಿ, ಅಲ್ಪಬಲದಲ್ಲಿ, ಮಿಶ್ರಣವನ್ನು ತೆಳುವುಮಾಡುವುದರಿಂದ ಹಾನಿಯಿಲ್ಲ. ಪೆಟ್ರೋಲಿನ ಉಳಿತಾಯಕ್ಕಾಗಿ ಹಾಗೆ ಮಾಡುವುದು ವಿಹಿತವೇ ಆಗಿದೆ. ಏರುವಾಗಿನ ಅಧಿಕ ಬಲವೆಂಬ ಉಪಾಧಿಯು ಸೇರಿದಾಗ ಮಾತ್ರ ತೆಳುಮಿಶ್ರಣವು ಅಪಾಯಕರವಾಗುವುದು. ಆಗ ಹೆಚ್ಚಾಗಿ ಹರಿಯುವ ಪೆಟ್ರೋಲು ಉರಿಯುವುದಕ್ಕಷ್ಟೇ ಅಲ್ಲದೆ ತಣಿಸುವುದಕ್ಕೂ ಬೇಕಾಗಿರುವುದು.

ಉರಿಯ ದೋಷಗಳನ್ನು ಅರಿಯುವಲ್ಲಿ ಎರಡು ಮಾಪಕಗಳನ್ನು ಕೂಡಿಸಿ ಓದಬೇಕು. ಸಿಲಿಂಡರಿನ ಎರಡು ಪ್ಲಗ್ಗುಗಳಲ್ಲಿ ಒಂದು ಸತ್ತರೆ ಉರಿಯು ತಡವಾಗಿ ಮುಗಿಯುವುದರಿಂದ ಹೊಗೆಯ ತಾಪವು ಏರಿ ಸಿಲಿಂಡರಿನ ತಾಪವು ಇಳಿಯುವುದು. ಕಿಡಿಯು ಬೇಗನೆ ಹುಟ್ಟಿದರೆ, ಅಥವಾ ಕೀಳುದರ್ಜೆಯ ಪೆಟ್ರೋಲಿನಿಂದ ಮಿಶ್ರಣವು ಒಮ್ಮೆಗೇ ಸಿಡಿದರೆ, ಸಿಲಿಂಡರಿನ ತಾಪವು ಏರಿ ಹೊಗೆಯ ತಾಪವು ಇಳಿಯುವುದು. ಎರಡನೆಯ ಬಗೆಯು ನಿಮಿಷಗಳಲ್ಲಿ ಪಿಸ್ಟನನ್ನು ಕರಗಿಸಬಲ್ಲದು. ಅಲ್ಲಿ ವೈಮಾನಿಕನು ಒಡನೆ ಬಲವನ್ನು ತಗ್ಗಿಸಬೇಕು.

ಎಣ್ಣೆ ಮಾತ್ರ ಕಾದಿದ್ದರೆ ಅದರ ಪ್ರಮಾಣವನ್ನೂ, ಎಣ್ಣೆಯನ್ನು ತಣಿಸುವ ಕೂಲರಿನ ಮೈಮೇಲಣ ಧೂಳನ್ನೂ, ತಾಪಕ್ಕೆ ತಕ್ಕಂತೆ ಎಣ್ಣೆಯನ್ನು ಕೂಲರಿನ ಕಡೆಗೆ ತಿರುಗಿಸುವ ಕವಾಟವನ್ನೂ ಪರೀಕ್ಷಿಸಬೇಕು. ಸವೆದ ಉಂಗುರಗಳ ಪಕ್ಕದಿಂದ ಉರಿಯನಿಲವು ಕೆಳಗೆ ನುಸುಳಿದರೂ ಎಣ್ಣೆಯು ಕಾಯುವುದು. ಎಣ್ಣೆಯ ತಾಪವು ಏರುವುದರೊಡನೆ ಅದರ ಒತ್ತಡವೂ ಇಳಿಯುತ್ತ ಬಂದರೆ ವಿಚಾರಕ್ಕೆ ಅವಕಾಶವಿಲ್ಲ. ಹತ್ತಿರದ ನೆಲಕ್ಕೆ ಇಳಿಯುವುದೇ ಕರ್ತವ್ಯ.

ಆಕಾಶದಲ್ಲಿರುವ ವೈಮಾನಿಕನಿಗೆ ಕೈಗೆ ಸಿಕ್ಕುವ ಸಾಧನವು ಉಪಶಯ. ಮೂಗನ್ನು ತಗ್ಗಿಸಿ ವೇಗವನ್ನು ಹೆಚ್ಚಿಸುವುದು, ಮಿಶ್ರಣವನ್ನು ಗಟ್ಟಿಮಾಡುವುದು, ಕವಚದ ಬಾಗಿಲುಗಳಿದ್ದರೆ ತೆರೆಯುವುದು, ಬಲವನ್ನು ಇಳಿಸುವುದು—ಇವೇ ಆ ಉಪಚಾರಗಳು. ಯಾವುದರಿಂದ ಮುಳ್ಳು ಇಳಿಯಿತೆಂಬುದನ್ನು ಅವನು ಗಮನಿಸಿ ಬಂದು ಹೇಳಿದರೆ ಯಂತ್ರಜ್ಞನ ಕೆಲಸವು ಅರ್ಧವಾದಂತೆ. ಆದರೆ ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ಮಿಶ್ರಣವನ್ನು ಗಟ್ಟಿಮಾಡಿದರೆ ನಿರ್ದುಷ್ಟವಾದ ಎಂಜಿನೂ ತಣಿಯುವುದು. ಆದುದರಿಂದ ಅದರಿಂದ ಹಿತವಾಯಿತೆಂದ ಮಾತ್ರಕ್ಕೆ ದೋಷವು ಪೆಟ್ರೋಲಿನದೇ ಎಂದು ಹೇಳಲಾಗದು. ಪ್ರತಿದಿನವೂ ಇದೇ ರೀತಿ ಉಪಶಮನ ಮಾಡಿಕೊಂಡು ಹಾರುವವನು ನಿದಾನವನ್ನು ಪರಿಹರಿಸದೆ ಲಿಂಗವನ್ನು ಅಡಗಿಸುತ್ತಿರುವನು.

೫

ಎಚ್‌ಟಿ-೨ರ ತರುವಾಯ ಬೆಂಗಳೂರಿನಲ್ಲಿ ಹುಟ್ಟಿದ ವಿಮಾನಗಳಲ್ಲಿ ಎಂಜಿನಿನ ರಚನೆಯು ಬದಲಾಗುತ್ತ ಬಂದಿತು. ೧೯೫೮ರಲ್ಲಿ ಹಾರಿದ ‘ಪುಷ್ಪಕ’ವು ವೈಮಾನಿಕ ಸಂಘಗಳಿಗಾಗಿ ನಿರ್ಮಿತವಾದುದು, ಇಬ್ಬರು ಪಕ್ಕಪಕ್ಕದಲ್ಲಿ ಕೂರುವ ಈ ವಿಮಾನದ ೯೦ ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನಿನಲ್ಲಿ ನಾಲ್ಕು ಸಿಲಿಂಡರುಗಳು ಎರಡೆರಡಾಗಿ ಎದುರುಬದುರು ಮಲಗಿರುವುವು. ಗಾಳಿಯು ಮೇಲಿನಿಂದ ಒತ್ತಿ ಫಿನ್ನುಗಳ ನಡುವೆ ಇಳಿದು ಕೆಳಗಿನಿಂದ ಹೊರಡುವುದು ಈ ಬಗೆಯ ಎಂಜಿನುಗಳ ಸಾಮಾನ್ಯ ಕ್ರಮ. ೧೯೫೯ರ ‘ಕೃಷಕ’ದಲ್ಲಿ ಇಂಥದೇ ೨೨೫ ಅಶ್ವಶಕ್ತಿಯ ಎಂಜಿನಿತ್ತು. ೧೯೭೨ರಲ್ಲಿ ಹಾರಿದ ‘ಬಸಂತ್’ ವಿಮಾನವು ಪೈರಿಗೆ ಔಷಧ ಚೆಲ್ಲುವುದಕ್ಕಾಗಿ ಹುಟ್ಟಿದುದು; ಅದರ ಲೈಕಮಿಂಗ್ ಎಂಜಿನಿಗೆ ಎಂಟು ಸಿಲಿಂಡರುಗಳೂ ೪೦೦ ಅಶ್ವಶಕ್ತಿಯೂ ಇದ್ದುವು. ಭಾರವನ್ನು ಹೊತ್ತು, ನೆಲವನ್ನು ಸವರುವಂತೆ, ಬಿಸಿಲಿನಲ್ಲಿ, ಮೆಲ್ಲಗೆ ಹಾರಿ ಮತ್ತೆಮತ್ತೆ ಏರುವ ಈ ಕೆಲಸಕ್ಕಿಂತ ಎಂಜಿನಿನ ತಂಪಿಗೆ ಪ್ರತಿಕೂಲವಾದ ಕೆಲಸವು ಬೇರೊಂದಿರಲಾರದು.

೧೯೭೭ರ ಜನವರಿಯಲ್ಲಿ ಮೊದಲು ಹಾರಿದ ಎಚ್‌ಪಿಟಿ-೩೨ ‘ದೀಪಕ್’ ವಿಮಾನದ ಚರಿತ್ರೆಯು ಇವೆಲ್ಲಕ್ಕಿಂತ ಗಂಭೀರವಾದುದು. ೨೬೦ ಅಶ್ವಶಕ್ತಿಯ, ಆರು ಸಿಲಿಂಡರುಗಳ ಲೈಕಮಿಂಗ್ ಎಂಜಿನಿನ ಈ ವಿಮಾನದಲ್ಲಿ ಭಾರತೀಯ ವಾಯುಸೇನೆಯ ವಿದ್ಯಾರ್ಥಿಗಳು ಹಾರಾಟದ ಅಕ್ಷರಾಭ್ಯಾಸವನ್ನು ಮಾಡುತ್ತಿದ್ದರು. ಹಾರಾಟದ ನಡುವೆ ಎಂಜಿನು ನಿಂತುಹೋದ ಪ್ರಸಂಗಗಳು ಹಲವು ನಡೆದುವು. ೨೦೦೯ರ ಜುಲೈಯಲ್ಲಿ ಇಬ್ಬರು ಶಿಕ್ಷಕರು ಮಡಿದ ಅಪಘಾತದ ಅನಂತರ ವಿಮಾನವನ್ನು ಹಾರಾಟದಿಂದ ನಿಲ್ಲಿಸಲಾಯಿತು. ಅದರ ಸೇವಾವಧಿಯಲ್ಲಿ ಒಟ್ಟು ೧೯ ಮಂದಿ ವೈಮಾನಿಕರು ಪ್ರಾಣ ಕಳೆದುಕೊಂಡರೆಂದು ವರದಿಯಾಗಿದೆ.

ಎಂಜಿನಿಗೆ ಹರಿಯುವ ಇಂಧನಕ್ಕೆ ಅಡ್ಡಿಯಾಗುವ ದೋಷಗಳಲ್ಲಿ ಒಂದು ಶಾಖದ ಪರೋಕ್ಷವಾದ ಕಾರ್ಯವಾಗಿದೆ. ಕವಚದೊಳಗಿನ ಬಿಸಿಯಿಂದ ಕೊಳವೆಯಲ್ಲಿರುವ ಪೆಟ್ರೋಲು ಆವಿಯಾದರೆ, ಆ ಆವಿಯ ಗುಳ್ಳೆಯು ಮುಚ್ಚಳದಂತೆ ನಿಂತು ಹಿಂದಿನ ಪೆಟ್ರೋಲನ್ನು ತಡೆಯುವುದು. ಸಿಲಿಂಡರಿನ ಮಾಪಕವು ಕೆಂಪು ಗೆರೆಯನ್ನು ಮುಟ್ಟದಿದ್ದರೂ ಎಂಜಿನು ಉಸಿರುಕಟ್ಟಿ ನಿಲ್ಲಬಹುದು. ಮಾಪಕವು ತಾನು ಕುಳಿತ ಜಾಗದ ತಾಪವನ್ನು ಮಾತ್ರ ಹೇಳುವುದು. ಕವಚದ ಬೇರೆ ಮೂಲೆಯಲ್ಲಿರುವ ಕೊಳವೆಯ ಸ್ಥಿತಿಯನ್ನು ಅದು ಬಲ್ಲುದಲ್ಲ. ಮುಳ್ಳು ಏರಿದ್ದರಿಂದ ಎಂಜಿನು ಕಾದಿದೆಯೆಂದು ಅವಸರದಿಂದ ನಿರ್ಣಯಿಸುವುದು ಹೇಗೆ ದೋಷವೋ, ಮುಳ್ಳು ಏರಿಲ್ಲವಾದುದರಿಂದ ಶಾಖದ ದೋಷವೇ ಇಲ್ಲವೆಂದು ನೆಮ್ಮದಿಯಾಗುವುದೂ ಹಾಗೆಯೇ ದೋಷ. ಎರಡನೆಯದರ ಬೆಲೆಯು ಹೆಚ್ಚು.

ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ ಹುಟ್ಟಿದ ‘ಹಂಸ’ವು ಇನ್ನೊಂದು ಮಾರ್ಗವನ್ನು ಹಿಡಿಯಿತು. ಹಂಸ-೩ ಮಾದರಿಗೆ ೨೦೦೦ದಲ್ಲಿ ಅಧಿಕೃತ ಪ್ರಮಾಣಪತ್ರವು ದೊರೆಯಿತು. ಅದರ ರೋಟ್ಯಾಕ್ಸ್ ಎಂಜಿನಿನಲ್ಲಿ ಸಿಲಿಂಡರುಗಳ ಮೈಯು ಗಾಳಿಯಿಂದಲೂ ತಲೆಯು ದ್ರವದಿಂದಲೂ ತಂಪಾಗುವುವು. ಶತಮಾನದ ಹಿಂದೆ ರೈಟ್ ಸಹೋದರರು ಹಿಡಿದಿದ್ದ ದ್ರವದ ದಾರಿ ಹೀಗೆ ಮತ್ತೆ ಬಳಕೆಗೆ ಬಂದಿತು. ಇಲ್ಲಿ ಶೋಧಕನು ಗಾಳಿಯ ದಾರಿಯೊಡನೆ ದ್ರವದ ದಾರಿಯನ್ನೂ ನೋಡಬೇಕು: ದ್ರವದ ಮಟ್ಟ, ಕೊಳವೆಗಳ ಬಿಗಿ, ರೇಡಿಯೇಟರಿನ ಮುಖ, ಒತ್ತಡವನ್ನು ಕಾಯುವ ಮುಚ್ಚಳ. ೨೦೨೧ರ ಸೆಪ್ಟೆಂಬರಿನಲ್ಲಿ ಇದರ ಹೊಸ ರೂಪವಾದ ಹಂಸ-ಎನ್‌ಜಿ ಬೆಂಗಳೂರಿನಲ್ಲಿ ಹಾರಿತು. ೨೦೨೨ರಲ್ಲಿ ಅದನ್ನು ಪುದುಚೇರಿಗೆ ಒಯ್ದು ಸಮುದ್ರಮಟ್ಟದಲ್ಲಿ ಪರೀಕ್ಷಿಸಿದರು. ೩೦೦೦ ಅಡಿಯ ಪ್ರಸ್ಥಭೂಮಿಯಲ್ಲಿ ಕಂಡ ಗುಣವು ತೀರದ ದಟ್ಟವಾದ ಗಾಳಿಯಲ್ಲಿಯೂ ಹಾಗೆಯೇ ಇರುವುದೆಂದು ಊಹಿಸದೆ ನೋಡಿಯೇ ತಿಳಿಯಬೇಕೆಂಬ ನಿಯಮವು ಇದರಿಂದ ಪಾಲಿಸಲ್ಪಟ್ಟಿತು.

೬

ನಿದಾನಪಂಚಕದಲ್ಲಿ ಪೂರ್ವರೂಪ, ಸಂಪ್ರಾಪ್ತಿ ಎಂಬ ಎರಡನ್ನು ಕುರಿತು ಹೇಳುವುದು ಉಳಿದಿದೆ. ಇವು ಕಣ್ಣೆದುರಿನ ಎಂಜಿನಿನಿಂದ ತಿಳಿಯತಕ್ಕವಲ್ಲ. ಇವಕ್ಕೆ ಲಿಖಿತವಾದ ಪ್ರಮಾಣವು ಬೇಕು. ಪ್ರತಿಯೊಂದು ಎಂಜಿನಿಗೂ ಒಂದು ಲಾಗ್ ಪುಸ್ತಕವಿರುವುದು. ಎಷ್ಟು ಗಂಟೆ ನಡೆಯಿತು, ಯಾವ ಭಾಗವನ್ನು ಎಂದು ಬದಲಾಯಿಸಲಾಯಿತು, ವೈಮಾನಿಕನು ಏನು ದೂರು ಹೇಳಿದನು, ಯಂತ್ರಜ್ಞನು ಏನು ಕಂಡನು ಎಂಬುದನ್ನೆಲ್ಲ ಅದರಲ್ಲಿ ಬರೆದು ಕೆಲಸ ಮಾಡಿದವನು ಸಹಿ ಹಾಕಬೇಕು. ಅದೇ ಬಿಸಿಲು, ಅದೇ ಭಾರ, ಅದೇ ಏರಿಕೆಯಲ್ಲಿ ಮುಳ್ಳು ಈ ತಿಂಗಳು ಕಳೆದ ತಿಂಗಳಿಗಿಂತ ಒಂದು ಗೆರೆ ಮೇಲೆ ನಿಂತಿದ್ದರೆ ಅದು ಪೂರ್ವರೂಪ. ಸಿಲಿಂಡರನ್ನು ಬದಲಾಯಿಸಿದ ದಿನದಿಂದಲೇ ತಾಪವು ಏರತೊಡಗಿದ್ದರೆ, ಅಂದು ತಡೆತಗಡನ್ನು ಮತ್ತೆ ಸರಿಯಾಗಿ ಕೂರಿಸಲಿಲ್ಲವೆಂಬ ಸಂಪ್ರಾಪ್ತಿಯು ಪುಟ ತಿರುವುವುದರಿಂದಲೇ ಹೊಳೆಯುವುದು.

ಶಾಸನಗಳನ್ನು ಓದುವವರಿಗೆ ಇದು ಹೊಸ ಮಾತಲ್ಲ. ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯಲ್ಲಿ ಹೊಯ್ಸಳರ ಕಾಲದ, ೧೩ನೆಯ ಶತಮಾನದ ಪಂಚಲಿಂಗೇಶ್ವರ ದೇವಾಲಯವಿದೆ. ಸಾಲಾಗಿ ಐದು ಗರ್ಭಗೃಹಗಳುಳ್ಳ ಆ ದೇವಾಲಯದ ದ್ವಾರಪಾಲಕ ವಿಗ್ರಹಗಳಲ್ಲಿ ರೂವಾರಿ ಮಲ್ಲಿತಮ್ಮನ ಹೆಸರು ಕೆತ್ತಲ್ಪಟ್ಟಿದೆ. ಆ ಒಂದು ಹೆಸರಿನ ಬಲದಿಂದ ವಿದ್ವಾಂಸರು ಅಲ್ಲಿಯ ಕೆಲಸವನ್ನು ಅದೇ ಶಿಲ್ಪಿಯ ಇತರ ಕೃತಿಗಳೊಡನೆ ಹೋಲಿಸಿ ಅವನ ಶೈಲಿಯ ಬೆಳವಣಿಗೆಯನ್ನು ವಿಚಾರಿಸಲು ಸಾಧ್ಯವಾಗಿದೆ. ಸಹಿಯಿಲ್ಲದ ಶಿಲ್ಪದ ವಿಷಯದಲ್ಲಿ ಊಹೆಯೇ ಗತಿ. ಲಾಗ್ ಪುಸ್ತಕದ ಸಹಿಯೂ ಇಂಥದೇ ಆಧಾರವಾಗಿದ್ದು, ಅಲ್ಲಿ ಊಹೆಗೆ ಬಿಟ್ಟ ಒಂದು ಸಾಲಿನ ಫಲವನ್ನು ಅನುಭವಿಸುವವನು ಮರುದಿನ ಹಾರುವ ವಿದ್ಯಾರ್ಥಿ.

ಮೇಲಣ ವಿಚಾರದಿಂದ ಸಿದ್ಧವಾಗುವುದಿಷ್ಟು. ಎಂಜಿನುಗಳು ತಲೆಕೆಳಗಾದ ಸಾಲಿನಿಂದ ಎದುರುಬದುರು ಮಲಗಿದ ರೂಪಕ್ಕೂ, ಗಾಳಿಯಿಂದ ದ್ರವಕ್ಕೂ ಬದಲಾದುವು. ಸಾಕ್ಷಿಯನ್ನು ಮೊದಲು ಪರೀಕ್ಷಿಸು, ಲಿಂಗವನ್ನು ವಿಭಾಗಿಸು, ಉಪಾಧಿಯನ್ನು ಹುಡುಕು, ಉಪಶಯವನ್ನು ನಂಬುವುದಕ್ಕೆ ಮುನ್ನ ತೂಗಿನೋಡು, ಕೊನೆಗೆ ಮಾತ್ರ ಬಿಚ್ಚು ಎಂಬ ಕ್ರಮವು ಬದಲಾಗಲಿಲ್ಲ. ಈ ಕ್ರಮವನ್ನು ಹೇಳುವುದಕ್ಕೆ ಬೇಕಾದ ಪರಿಭಾಷೆಯು ಆಯುರ್ವೇದ ನ್ಯಾಯಗಳಲ್ಲಿ ಸಿದ್ಧವಾಗಿಯೇ ಇದ್ದು ಕನ್ನಡದಲ್ಲಿ ಬಹುಕಾಲದಿಂದ ರೂಢವಾಗಿದೆ. ಪ್ರಾಚೀನರು ವಿಮಾನಗಳನ್ನು ಹಾರಿಸಿದರೆಂದು ಸಾಧಿಸುವುದರಲ್ಲಿ ವ್ಯಯವಾಗುವ ಶ್ರಮದ ಒಂದಂಶವನ್ನು ವಿದ್ವಾಂಸರು ಈ ಪರಿಭಾಷೆಯಿಂದ ಇಂದಿನ ಯಂತ್ರವಿದ್ಯೆಯನ್ನು ಕನ್ನಡದಲ್ಲಿ ನಿರೂಪಿಸುವುದಕ್ಕೆ ವಿನಿಯೋಗಿಸಿದರೆ, ಎಂಜಿನಿನ ಮುಂದೆ ನಿಂತು ಕನ್ನಡದಲ್ಲಿಯೇ ಯೋಚಿಸುವ ಕೆಲಸಗಾರನಿಗೂ ಅವನ ಕೆಲಸವನ್ನು ನಂಬಿ ಮೇಲೇರುವವನಿಗೂ ಉಪಕಾರವಾಗುವುದೆಂಬುದರಲ್ಲಿ ಸಂಶಯವಿಲ್ಲ.